ಹದಿನೇಳನೇ ನಂಬರಿನ ಮರ

ಕಳೆದ ತಿಂಗಳು ಒಂದು ಮಧ್ಯಾಹ್ನ, ಊಟ ಮುಗಿಸಿ ಇನ್ನೇನು ಅಡ್ಡಾಗಬೇಕು ಅನ್ನುವಾಗ ಬಾಗಿಲು ಬಡಿದ ಸದ್ದಾಯಿತು. ನೆಮ್ಮಾರಿನ ತಿಮ್ಮಪ್ಪಣ್ಣನ ಸೊಸೆ ಸುಜಾತ. ಕೊಪ್ಪದ ಆಸ್ಪತ್ರೆಗೆ ಬಂದವಳು ಹಾಗೇ ನನ್ನ ಮನೆ ಹುಡುಕಿಕೊಂಡು ಬಂದಿದ್ದಳು. ಒಳಗೆ ಬಾ ಅಂದರೆ ಬಸ್ಸಿಗೆ ಹೊತ್ತಾಯಿತು ಅಂತ ಜಗಲಿಯಲ್ಲೇ ನಿಂತು, ಚೀಲದಿಂದ ಒಂದು ಬಾಳೆಲೆಯ ಪೊಟ್ಟಣ ತೆಗೆದು ಕೊಟ್ಟಳು. ಬಿಚ್ಚಿದರೆ ಏಳು ಮಾವಿನ ಮಿಡಿ.

“ಮಾವ ಕೊಟ್ಟಿದ್ದು ಟೀಚ್ರೇ. ತೊಟ್ಟು ಮುರಿದು ಮೂಸಿ ನೋಡ್ಲಿಕ್ಕೆ ಹೇಳಿದ್ರು. ಆಮೇಲೆ ಪುರುಸೊತ್ತು ಮಾಡ್ಕೊಂಡು ಒಂದ್ಸಲ ಬಂದು ಹೋಗ್ಬೇಕಂತೆ.”

“ಎಲ್ಲಿದ್ದು ಇದು?”

“ನಂಗೇ ಹೇಳ್ಲಿಲ್ಲ. ಕೇಳಿದ್ರೆ ಬೈತಾರೆ.”

ಅವಳು ಹೋದ ಮೇಲೆ ಒಂದರ ತೊಟ್ಟು ಮುರಿದೆ. ಸೊನೆ ಚಿಮ್ಮಿ ಬೆರಳಿಗೆ ತಾಗಿತು. ಮೂಗಿನ ಹತ್ತಿರ ಹಿಡಿದವಳು ಹಾಗೇ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಮೊದಲು ಜೀರಿಗೆ, ಅದರ ಹಿಂದೆಯೇ ಕರ್ಪೂರ, ಕೊನೆಗೆ ಎಳೇ ಅರಿಶಿನದ ಎಲೆ ಹಿಚುಕಿದಂಥ ಒಂದು ಹಸಿ ವಾಸನೆ. ಜೀರಿಗೆ ವಾಸನೆಯ ಮಿಡಿ ನಮ್ಮ ಕಡೆ ಬೇಕಾದಷ್ಟಿದೆ. ಕರ್ಪೂರದ್ದೂ ಇದೆ. ಈ ಮೂರೂ ಒಂದರಲ್ಲೇ ಇದ್ದ ಮರ ನನಗೆ ಗೊತ್ತಿದ್ದಂತೆ ಒಂದೇ ಒಂದು. ಅದು ನೆಮ್ಮಾರಿನ ಹಳ್ಳದ ದಂಡೆಯಲ್ಲಿತ್ತು. ಎಂಟು ವರ್ಷದ ಹಿಂದೆ ಸತ್ತಿತು. ಕತ್ತಿ ಹಾಕಿದವರು ಬೇರೆ ಯಾರೋ. ಕೊಂದದ್ದು ನಾನು.

ಆಗ ನಾನು ಕೊಪ್ಪದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಅದರ ಜೊತೆಗೆ, ಬೇರೆ ಎಲ್ಲರೂ ಒಲ್ಲೆ ಅಂದದ್ದರಿಂದ ನನ್ನ ಕೊರಳಿಗೆ ಬಿದ್ದದ್ದು ಹಳ್ಳದಂಡೆ ಬಳಗದ ಕಾರ್ಯದರ್ಶಿ ಕೆಲಸ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ತಾಲ್ಲೂಕಿನ ಹಳ್ಳಗಳ ದಂಡೆಯಲ್ಲಿ ಉಳಿದಿರುವ ಕಾಡುಮರಗಳನ್ನು ಉಳಿಸಿಕೊಳ್ಳಬೇಕು ಅಂತ ನಾವು ಕೆಲವರು ಸೇರಿ ಕಟ್ಟಿಕೊಂಡ ಗುಂಪು ಅದು. ಕಚೇರಿ ಇಲ್ಲ, ಬೋರ್ಡಿಲ್ಲ. ತಿಂಗಳ ಮೊದಲ ಭಾನುವಾರ ಸಭೆ, ಸರದಿಯ ಪ್ರಕಾರ ಒಂದೊಂದು ತಿಂಗಳು ಒಂದೊಂದು ತಾಲ್ಲೂಕಿನ ಯಾರದಾದರೂ ಮನೆಯಲ್ಲಿ.

ಈ ಸರದಿಯೇ ಮೊದಲ ವರ್ಷ ನಮ್ಮನ್ನು ಮುಗಿಸಿಬಿಡುವುದರಲ್ಲಿತ್ತು. ಮೊದಲ ಸಭೆಯಲ್ಲಿ ಉಪ್ಪಿಟ್ಟು ಆಯಿತು. ಎರಡನೆಯ ಮನೆಯವರು ಉಪ್ಪಿಟ್ಟಿನ ಜೊತೆ ಕೇಸರಿಬಾತು ಮಾಡಿದರು. ಮೂರನೆಯವರು ಕಡುಬು ಮಾಡಿದರು, ನಾಲ್ಕನೆಯ ಮನೆಯಲ್ಲಿ ಹೋಳಿಗೆ ಊಟ. ಐದನೆಯ ಮನೆಯ ಯಜಮಾನಿತಿ “ಈ ಕಾಡಿನೋರು ನಮ್ಮನೆಗೆ ಬರೋದು ಬೇಡ” ಅಂತ ಗಂಡನಿಗೆ ಖಡಾಖಂಡಿತ ಹೇಳಿದಳಂತೆ. ಕಾಡು ಉಳಿಸಲು ಹೊರಟವರು ಕೇಸರಿಬಾತಿನಲ್ಲಿ ಮುಳುಗಿದರಲ್ಲ ಅಂತ ನಮ್ಮ ಅಧ್ಯಕ್ಷರು, ಶೃಂಗೇರಿಯ ಗಣಪತಿ ಭಟ್ಟರು, ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಒಂದು ನಿಯಮ ಬಂತು. ಯಾರ ಮನೆಯಾದರೂ ಸರಿ, ಒಂದು ಹಿಡಿ ಅವಲಕ್ಕಿ, ಒಂದು ಲೋಟ ಮಜ್ಜಿಗೆ. ಅದಕ್ಕಿಂತ ಹೆಚ್ಚು ಮಾಡಿದ ಮನೆಗೆ ಮತ್ತೆ ಸಭೆ ಇಲ್ಲ. ಬಳಗ ಇಷ್ಟು ವರ್ಷ ಉಳಿದದ್ದಕ್ಕೆ ನಮ್ಮ ಆದರ್ಶಗಳಿಗಿಂತ ಈ ಅವಲಕ್ಕಿಯೇ ಕಾರಣ ಎಂದು ನಾನು ಈಗಲೂ ನಂಬಿದ್ದೇನೆ.

ಕಾರ್ಯದರ್ಶಿ ಅಂದರೆ ಏನು ಕೆಲಸ ಎಂದು ಕೇಳಿದರೆ, ನೆನಪಿಸುವ ಕೆಲಸ. ಶುಕ್ರವಾರ ಒಂದು ಸಲ ಫೋನು, ಶನಿವಾರ ಸಂಜೆ ಇನ್ನೊಂದು ಸಲ, ಭಾನುವಾರ ಬೆಳಿಗ್ಗೆ “ಹೊರಟ್ರಾ” ಅಂತ ಮತ್ತೊಂದು ಸಲ. ಒಬ್ಬರಿಗೆ ಅಡಿಕೆ ಸುಲಿಯುವವರು ಬಂದಿರುತ್ತಾರೆ, ಒಬ್ಬರಿಗೆ ಮಾವನ ತಿಥಿ, ಒಬ್ಬರಿಗೆ ಜೀಪು ಸ್ಟಾರ್ಟ್ ಆಗುವುದಿಲ್ಲ. “ಬರ್ತೇನೆ” ಅಂದವರಲ್ಲಿ ಅರ್ಧ ಜನ ಬರುತ್ತಾರೆ. “ನೋಡುವ” ಅಂದರೆ ಬರುವುದಿಲ್ಲ ಅಂತಲೇ ಲೆಕ್ಕ. ವಾಟ್ಸಾಪ್ ಗ್ರೂಪಿನಲ್ಲಿ ನೂರ ನಲವತ್ತು ಜನ. ಒಂದು ಹೂವಿನ ಫೋಟೋ ಹಾಕಿದರೆ ಅರವತ್ತು ಕೈ ಮುಗಿದ ಚಿತ್ರಗಳು ಬರುತ್ತವೆ. ಹಳ್ಳಕ್ಕೆ ಇಳಿಯುವಾಗ ಏಳು ಜನ.

ಬೇಸರ ಯಾರ ಮೇಲೂ ಅಲ್ಲ. ಅವರಿಗೆ ಅವರವರ ಬದುಕು ಇದೆ. ಆದರೆ ಸುಸ್ತು ಅನ್ನುವುದು ಒಂದು ದಿನದಲ್ಲಿ ಬರುವುದಿಲ್ಲ, ಒರಲೆ ಹಿಡಿದ ಹಾಗೆ ಒಳಗಿಂದ ಬರುತ್ತದೆ. ಆ ವರ್ಷ ಅದು ನನ್ನನ್ನು ಪೂರ್ತಿ ತಿಂದಿತ್ತು, ನನಗೆ ಗೊತ್ತಾಗಿರಲಿಲ್ಲ.

ಆ ಜನವರಿಯಲ್ಲಿ ಮಾವು ಎಲೆ ಕಾಣದ ಹಾಗೆ ಹೂ ಬಿಟ್ಟಿತ್ತು. ಶೃಂಗೇರಿಯ ಸಭೆಯಲ್ಲಿ ಒಂದು ತೀರ್ಮಾನ ಆಯಿತು. ಹಳ್ಳದ ದಂಡೆಯ ಅಪ್ಪೆಮಿಡಿ ಮರಗಳನ್ನು ಹುಡುಕಿ, ಪಟ್ಟಿ ಮಾಡಿ, ಒಂದೊಂದು ಮರಕ್ಕೂ ಬಳಗದ ಒಬ್ಬರನ್ನು ಜವಾಬ್ದಾರಿ ಮಾಡುವುದು. ಉಪ್ಪಿನಕಾಯಿಯ ಮಿಡಿಗೆ ಬೇಡಿಕೆ ಏರಿದ ಹಾಗೆ ಕೊಯ್ಯುವ ಕ್ರಮ ಕೆಟ್ಟಿತ್ತು. ಮಿಡಿ ನೆಲಕ್ಕೆ ಬಿದ್ದು ಪೆಟ್ಟಾದರೆ ಉಪ್ಪಿನಲ್ಲಿ ಕೊಳೆಯುತ್ತದೆ. ಹಳಬರು ಮರ ಹತ್ತಿ, ಗೊಂಚಲು ಗೊಂಚಲಾಗಿ ಕೊಯ್ದು, ಬುಟ್ಟಿಗೆ ಹಗ್ಗ ಕಟ್ಟಿ ಇಳಿಸುತ್ತಿದ್ದರು. ಅಷ್ಟು ತಾಳ್ಮೆ ಇಲ್ಲದವರು ಕೊಂಬೆಯನ್ನೇ ಕಡಿದು ಇಳಿಸಿ, ನೆರಳಲ್ಲಿ ಕೂತು ಮಿಡಿ ಬಿಡಿಸಿಕೊಂಡು ಹೋಗುತ್ತಾರೆ. ಎರಡು ವರ್ಷ ಹಾಗೆ ಮಾಡಿದರೆ ಮರ ಮುಗಿಯಿತು.

ಮರಗಳು ಎಲ್ಲೆಲ್ಲಿವೆ ಎಂದು ನಮಗೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದವರು ತಿಮ್ಮಪ್ಪಣ್ಣ ಒಬ್ಬರೇ. ಜೀವಮಾನವಿಡೀ ಮರ ಹತ್ತಿದವರು. ಮೆಣಸು ಕೊಯ್ಯುವುದು, ಮಿಡಿ ಕೊಯ್ಯುವುದು, ಇದೇ ಕಸುಬು. ಆಗಲೇ ಅರವತ್ತು ದಾಟಿತ್ತು, ಆದರೂ ಕಾಲಿಗೆ ಹಗ್ಗದ ಬಳೆ ಹಾಕಿಕೊಂಡರೆ ಅಳಿಲಿನ ಹಾಗೆ ಏರುತ್ತಿದ್ದರು. ಎಂಥ ಮರವಾದರೂ ಮೇಲಿನ ಎರಡು ಗೆಲ್ಲು, ಆ ತುದಿಯ ಕೊಂಬೆಗಳನ್ನು, ಮುಟ್ಟುತ್ತಿರಲಿಲ್ಲ. “ಅದು ಮರದ ಪಾಲು” ಅನ್ನುತ್ತಿದ್ದರು. ಬಳಗಕ್ಕೆ ಅವರನ್ನು ಕರೆತಂದವಳು ನಾನೇ. ಸಭೆಯಲ್ಲಿ ಎಲ್ಲರೂ ಕುರ್ಚಿಯಲ್ಲಿ ಕೂತರೆ ಅವರು ಮೆಟ್ಟಿಲ ಹತ್ತಿರ ಕೂರುತ್ತಿದ್ದರು. ಬನ್ನಿ ಅಂದರೂ ಬರುತ್ತಿರಲಿಲ್ಲ. ಎರಡನೇ ಸಲ ಯಾರೂ ಕರೆಯುತ್ತಲೂ ಇರಲಿಲ್ಲ.

ಫೆಬ್ರವರಿಯಲ್ಲಿ ಸಭೆ ಬಿಟ್ಟು ನಾಲ್ಕು ಭಾನುವಾರವೂ ಹಳ್ಳ ಸುತ್ತಿದೆವು. ಸೀತೂರಿನ ಮಂಜಣ್ಣನ ಜೀಪು. ಮಂಜಣ್ಣ ಕೃಷಿಕ, ಮುಂಗೋಪಿ, ಆದರೆ ಬಳಗಕ್ಕಾಗಿ ಡೀಸೆಲ್ ಸುಟ್ಟದ್ದಕ್ಕೆ ಎಂದೂ ಒಂದು ಮಾತು ಎತ್ತಿದವನಲ್ಲ. ಹಿಂದಿನ ಸೀಟಿನಲ್ಲಿ ಭಟ್ಟರು, ನಾನು. ಮುಂದೆ ದಾರಿ ಹೇಳುತ್ತಾ ತಿಮ್ಮಪ್ಪಣ್ಣ. ಬೆಳಿಗ್ಗೆ ಮಂಜು ಬಿಡುವ ಮೊದಲು ಹೊರಟರೆ ಬಿಸಿಲು ನೆತ್ತಿಗೇರುವ ಹೊತ್ತಿಗೆ ಕಾಲು ಸೋತು ಹೋಗುತ್ತಿತ್ತು. ನೀರು ಇಳಿದ ಹಳ್ಳದಲ್ಲಿ ಬಂಡೆಯಿಂದ ಬಂಡೆಗೆ ಕಾಲಿಡುತ್ತಾ, ನನ್ನ ಮಂಡಿಯನ್ನೂ ವಯಸ್ಸನ್ನೂ ಬೈದುಕೊಳ್ಳುತ್ತಾ ಹೋದದ್ದು ನೆನಪಿದೆ. ನೆಮ್ಮಾರಿನಿಂದ ಬಸರೀಕಟ್ಟೆ, ಅಲ್ಲಿಂದ ಸೀತೂರಿನವರೆಗೆ ಒಟ್ಟು ನಲವತ್ತೊಂದು ಮರ ಸಿಕ್ಕವು.

ಮೊದಲ ಮರದ ಬುಡದಲ್ಲೇ ವಾದ ಶುರುವಾಗಿತ್ತು. ನಾನು ಎಣ್ಣೆ ಡಬ್ಬದ ತಗಡು ಕತ್ತರಿಸಿ, ಕೆಂಪು ಬಣ್ಣದಲ್ಲಿ ನಂಬರ್ ಬರೆದು ಬಿಲ್ಲೆ ಮಾಡಿಕೊಂಡು ಹೋಗಿದ್ದೆ.

“ನಂಬರ್ ಎಂತಕ್ಕೆ ಟೀಚ್ರೇ?” ತಿಮ್ಮಪ್ಪಣ್ಣ ಕೇಳಿದರು.

“ಲೆಕ್ಕ ಇಲ್ದಿದ್ರೆ ಕಾಯೋದು ಹೇಗೆ ತಿಮ್ಮಪ್ಪಣ್ಣ? ನಾಳೆ ಒಂದು ಮರ ಹೋದ್ರೆ ನಮಗೆ ಗೊತ್ತಾಗೋದಾದ್ರೂ ಹೇಗೆ?”

“ಇಷ್ಟು ದಿನ ಉಳಿದದ್ದು ಯಾರಿಗೂ ಗೊತ್ತಿಲ್ದೆ ಇದ್ದದ್ದಕ್ಕೆ. ಹಳ್ಳದ ಮರಕ್ಕೆ ಬೇಲಿ ಹಾಕಿದವ್ರು ಯಾರು? ಗೊತ್ತಿಲ್ದೆ ಇರೋದೇ ಅದ್ರ ಬೇಲಿ.”

ಭಟ್ಟರು ಗಡ್ಡ ಕೆರೆದುಕೊಂಡು, “ಹೇಳೋದ್ರಲ್ಲೂ ಒಂದು ಅರ್ಥ ಉಂಟು” ಅಂದರು. ಮಂಜಣ್ಣ, “ಎಂತ ಅರ್ಥ ಮಾರಾಯ್ರೆ, ಕೆಲ್ಸ ಅಂದ್ಮೇಲೆ ಒಂದು ಕ್ರಮ ಬೇಡ್ವಾ” ಅಂದ. ಅಲ್ಲೇ ಕೈ ಎತ್ತಿಸಿದೆವು. ಬಿಲ್ಲೆಗೆ ಒಪ್ಪಿಗೆ ಸಿಕ್ಕಿತು. ಭಟ್ಟರು ಒಂದು ಷರತ್ತು ಹಾಕಿದರು. ಜಾಗದ ವಿವರ ಕಾರ್ಯದರ್ಶಿಯ ಪುಸ್ತಕದಲ್ಲಿ ಮಾತ್ರ ಇರಬೇಕು, ಬೇರೆಲ್ಲೂ ಹೋಗಬಾರದು. ಆ ತೀರ್ಮಾನವನ್ನು ನನ್ನದೇ ಅಕ್ಷರದಲ್ಲಿ ಬರೆದುಕೊಂಡೆ. ತಿಮ್ಮಪ್ಪಣ್ಣ ಕೈ ಎತ್ತಿರಲಿಲ್ಲ. ಆದರೆ ನಾನು ಸುತ್ತಿಗೆ ತೆಗೆದಾಗ ಮೊಳೆ ಹಿಡಿದುಕೊಂಡು ನಿಂತವರು ಅವರೇ. “ಬಳಗ ಹೇಳಿದ ಮೇಲೆ ಆಯ್ತು” ಅಂದರು. ಉಳಿದ ನಲವತ್ತು ಮರವನ್ನೂ ತೋರಿಸಿದರು.

ಹದಿನೇಳನೆಯದು ನೆಮ್ಮಾರಿನ ಹಳ್ಳದ ಆಚೆ ದಂಡೆಯಲ್ಲಿ, ಬಂಡೆಯನ್ನು ಬೇರಿನಲ್ಲಿ ತಬ್ಬಿಕೊಂಡು ನಿಂತಿತ್ತು. ತಿಮ್ಮಪ್ಪಣ್ಣ ಹತ್ತಿ ನಾಲ್ಕು ಮಿಡಿ ತಂದು, ತೊಟ್ಟು ಮುರಿದು ಒಬ್ಬೊಬ್ಬರ ಕೈಗೆ ಕೊಟ್ಟರು. ಭಟ್ಟರು ಕಣ್ಣು ಮುಚ್ಚಿ, “ಎಂತ ವಾಸನೆ ಮಾರಾಯ! ಇದು ಮಿಡಿಯಾ, ನೈವೇದ್ಯವಾ?” ಅಂದರು. ಮಂಜಣ್ಣ ಕೂಡ ಮಾತಾಡಲಿಲ್ಲ. ಮಾತು ಮುಗಿಯದ ಮನುಷ್ಯ ಅಷ್ಟು ಹೊತ್ತು ಸುಮ್ಮನಿದ್ದದ್ದನ್ನು ಅದಕ್ಕಿಂತ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಮಾರ್ಚ್ ಬಂತು. ನಲವತ್ತೊಂದು ಮರವನ್ನು ಇಪ್ಪತ್ತಾರು ಜನರಿಗೆ ಹಂಚಿದ್ದೆ. ಅವರಲ್ಲಿ ಹೆಚ್ಚಿನವರು ತಮ್ಮ ಮರವನ್ನು ನೋಡಿಯೇ ಇರಲಿಲ್ಲ. “ಟೀಚರೇ, ನನ್ನ ಮರ ಎಲ್ಲಿ?” ಸೇತುವೆ ದಾಟಿ ಮೂರನೇ ತಿರುವು, ಅಲ್ಲಿಂದ ಎಡಕ್ಕೆ, ದೊಡ್ಡ ಬಿಳಿ ಕಲ್ಲು ಅಂತ ಹೇಳುವುದು. ಎರಡು ದಿನ ಬಿಟ್ಟು ಅವರೇ ಮತ್ತೆ, “ಬಲಕ್ಕೆ ಅಂದ್ರಲ್ವಾ?” ಶಾಲೆಯಲ್ಲಿ ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಉತ್ತರಪತ್ರಿಕೆ. ಸೆಕೆ ಬೇರೆ. ಗುಡ್ಡದ ಬೆಂಕಿಯ ಹೊಗೆ ಊರ ಮೇಲೆ ಕೂತಿತ್ತು, ಉಸಿರಾಡಲೂ ಬೇಜಾರು.

ಒಂದು ಸಂಜೆ ಉತ್ತರಪತ್ರಿಕೆಯ ಕಟ್ಟು ಬಿಚ್ಚಿ ಕೂತಿದ್ದೆ. ಒಲೆಯ ಮೇಲೆ ಅನ್ನ. ಆ ದಿನದ ಹನ್ನೊಂದನೇ ಫೋನು ಬಂತು. ಮಾತಾಡಿ ಮುಗಿಸುವಾಗ ಗಂಜಿ ಉಕ್ಕಿ ಒಲೆ ಆರಿತ್ತು, ಅನ್ನ ಅರೆಬೆಂದಿತ್ತು. ಅಲ್ಲಿಗೆ ನನ್ನೊಳಗೆ ಏನೋ ಕಡಿದು ಹೋಯಿತು. ಪುಸ್ತಕ ತೆಗೆದು, ನಲವತ್ತೊಂದು ಮರದ ಫೋಟೋ, ಒಂದೊಂದರ ಕೆಳಗೂ ಲೊಕೇಶನ್ನು, ಎಲ್ಲವನ್ನೂ ಗ್ರೂಪಿಗೆ ಹಾಕಿದೆ. ಹದಿನೇಳರ ಕೆಳಗೆ ‘ಮೂರು ವಾಸನೆಯ ಅಪರೂಪದ ಮರ’ ಎಂದು ಬೇರೆ ಬರೆದೆ. ಕೊನೆಗೆ, ‘ಇನ್ನು ದಯವಿಟ್ಟು ಯಾರೂ ಫೋನ್ ಮಾಡಬೇಡಿ, ಎಲ್ಲ ಇದರಲ್ಲೇ ಇದೆ.’ ಅರವತ್ತಮೂರು ಜನ ಚಪ್ಪಾಳೆ ತಟ್ಟಿದರು. ಭಟ್ಟರು, ಮಂಜಣ್ಣ ಗ್ರೂಪು ತೆಗೆದು ನೋಡುವವರೇ ಅಲ್ಲ. ಎಷ್ಟೋ ವಾರದ ಮೇಲೆ ಆ ದಿನ ನೆಮ್ಮದಿಯಿಂದ ನಿದ್ದೆ ಮಾಡಿದೆ.

ಒಂಬತ್ತನೇ ದಿನ ಭಟ್ಟರು ಶಾಲೆಗೇ ಫೋನ್ ಮಾಡಿದರು. ಅರ್ಧ ದಿನ ರಜೆ ಹಾಕಿ ನೆಮ್ಮಾರಿಗೆ ಹೋದೆ.

ಹಳ್ಳದ ಈಚೆ ದಂಡೆಗೇ ಜೀರಿಗೆಯ ವಾಸನೆ ಬರುತ್ತಿತ್ತು. ಆಚೆ ಮರ ಇರಲಿಲ್ಲ, ಕಂಬ ಇತ್ತು. ಕೊಂಬೆಗಳೆಲ್ಲ ಬಂಡೆಯ ಮೇಲೆ ರಾಶಿ ಬಿದ್ದಿದ್ದವು, ಒಂದು ಮಿಡಿ ಉಳಿಸದೆ ಬಿಡಿಸಿಕೊಂಡು ಹೋಗಿದ್ದರು. ಮೇಲಿನ ಎರಡು ಗೆಲ್ಲನ್ನೂ ಬಿಟ್ಟಿರಲಿಲ್ಲ. ಮರಳಿನಲ್ಲಿ ಪಿಕಪ್ಪಿನ ಚಕ್ರದ ಗುರುತು. ಬೊಡ್ಡೆಯ ಮೇಲೆ ನನ್ನ ಬಿಲ್ಲೆ ಮಾತ್ರ ಹೊಡೆದ ಜಾಗದಲ್ಲೇ ಇತ್ತು, ಕೆಂಪು ಹದಿನೇಳು ಇನ್ನೂ ಮಾಸಿರಲಿಲ್ಲ. ಏನು ಮಾಡಬೇಕು ತಿಳಿಯದೆ ಫೋಟೋ ತೆಗೆಯುತ್ತಾ ನಿಂತೆ. ಭಟ್ಟರು ಕಲ್ಲಿನ ಮೇಲೆ ಕೂತುಬಿಟ್ಟಿದ್ದರು. ಮಂಜಣ್ಣ ಯಾರ್ಯಾರಿಗೋ ಬೈಯುತ್ತಿದ್ದ. ತಿಮ್ಮಪ್ಪಣ್ಣ ಮಾತ್ರ ಬಿದ್ದ ಕೊಂಬೆಗಳ ನಡುವೆ ಬಗ್ಗಿ ಬಗ್ಗಿ ಏನೋ ನೋಡುತ್ತಿದ್ದರು. ಆಮೇಲೆ ಯಾವಾಗ ಹೋದರೋ ನಾನು ಗಮನಿಸಲಿಲ್ಲ.

ಏಪ್ರಿಲ್ ಸಭೆ ಭಟ್ಟರ ಮನೆಯ ಜಗಲಿಯಲ್ಲಿ. ಗ್ರೂಪಿನಲ್ಲಿ ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರೂ ಬಂದಿರಲಿಲ್ಲ. ಮಂಜಣ್ಣನೇ ಶುರು ಮಾಡಿದ.

“ಹೊರಗಿನವ್ರಿಗೆ ಆ ಮರ ಹೇಗೆ ಗೊತ್ತಾಗ್ತದೆ? ಗೊತ್ತಿದ್ದವ್ರೇ ಹೇಳಿರ್ಬೇಕು.” ಆಮೇಲೆ ಮೆಟ್ಟಿಲ ಕಡೆ ತಿರುಗಿದ. “ಅವತ್ತು ಕಡಿದ ಮರದ ಹತ್ರದಿಂದ ಟವೆಲಲ್ಲಿ ಗಂಟು ಕಟ್ಕೊಂಡು ಹೋದ್ಯಲ್ಲ ತಿಮ್ಮಪ್ಪ, ನಾನೇ ಕಣ್ಣಾರೆ ನೋಡಿದ್ದೇನೆ. ಎಂತ ಇತ್ತು ಅದ್ರಲ್ಲಿ? ಹೇಳಿಬಿಡು ಮಾರಾಯ, ಮುಗೀಲಿ.”

ತಿಮ್ಮಪ್ಪಣ್ಣ ಮಂಜಣ್ಣನನ್ನು ನೋಡಲಿಲ್ಲ. ನನ್ನನ್ನು ನೋಡಿದರು. ಸಿಟ್ಟಿನಿಂದಲ್ಲ. ಬಸ್ಸು ಬರುತ್ತದೆ ಎಂದು ಗೊತ್ತಿದ್ದವರು ತಿರುವಿನ ಕಡೆ ನೋಡುತ್ತಾರಲ್ಲ, ಹಾಗೆ. ನನ್ನ ಕೈಯಲ್ಲಿ ಮಜ್ಜಿಗೆಯ ಲೋಟ ಇತ್ತು. ಲೊಕೇಶನ್ ಹಾಕಿದ್ದು ನಾನು ಎನ್ನಲು ಎಷ್ಟು ಹೊತ್ತು ಬೇಕು? ನನಗೆ ಬಾಯಿ ಬರಲಿಲ್ಲ. ಹೇಳಿದರೆ ಬಳಗ ಒಡೆಯುತ್ತದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ನನಗೆ ಹೆದರಿಕೆಯಾಗಿತ್ತು, ಅಷ್ಟೇ.

“ಅದನ್ನ ಹೇಳೋ ಹಾಗಿಲ್ಲ” ಅಂದರು ತಿಮ್ಮಪ್ಪಣ್ಣ. ಉಳಿದ ಮಜ್ಜಿಗೆ ಕುಡಿದು, ಲೋಟವನ್ನು ನಲ್ಲಿಯಲ್ಲಿ ತೊಳೆದು ಕವುಚಿ ಇಟ್ಟು, ಹೊರಟು ಹೋದರು.

ಒಂದು ತಿಂಗಳು ಅದು ನನ್ನ ಎದೆಯ ಮೇಲೆ ಕೂತಿತ್ತು. ಪರೀಕ್ಷಾ ಕೊಠಡಿಯಲ್ಲಿ ಮಕ್ಕಳ ಮೇಲೆ ಕಣ್ಣಿಡುತ್ತಾ ಓಡಾಡುವಾಗ, ಕಳ್ಳಿಯನ್ನೇ ಕಾವಲಿಗೆ ಹಾಕಿದ್ದಾರೆ ಅನ್ನಿಸುತ್ತಿತ್ತು. ಮೇ ತಿಂಗಳ ಮೊದಲ ವಾರ ಹದಿನೇಳರ ಬೊಡ್ಡೆ ಸೀಳು ಬಿಟ್ಟು ಒಣಗಿದೆ ಎಂದು ಸುದ್ದಿ ಬಂತು. ಆ ಭಾನುವಾರ ಸೀತೂರಿನಲ್ಲಿ, ಮಂಜಣ್ಣನ ಮನೆಯಲ್ಲಿ ಸಭೆ. ಕೂತ ಕೂಡಲೇ ಹೇಳಿಬಿಟ್ಟೆ. ಗ್ರೂಪಿಗೆ ಹಾಕಿದವಳು ನಾನು, ಬಳಗದ ತೀರ್ಮಾನ ಮುರಿದವಳು ನಾನು, ತಿಮ್ಮಪ್ಪಣ್ಣನನ್ನು ಅಂದಾಗ ಸುಮ್ಮನಿದ್ದವಳೂ ನಾನೇ.

ಬೈಗುಳ ಬೀಳುತ್ತದೆ ಎಂದುಕೊಂಡಿದ್ದೆ. ಮಂಜಣ್ಣನೇ, “ಅಯ್ಯೋ, ಅದಕ್ಕೆಂತ ಟೀಚರೇ. ನೀವು ಬಳಗದೊಳಗೇ ಹಾಕಿದ್ದಲ್ವಾ? ಯಾರೋ ದಾಟಿಸಿದ್ರೆ ನೀವೆಂತ ಮಾಡ್ತೀರಿ?” ಅಂದ. ಹೌದು ಹೌದು ಎಂದರು. ಎರಡು ನಿಮಿಷದಲ್ಲಿ ನನಗೆ ಕ್ಷಮೆ ಸಿಕ್ಕಿತು, ಮುಂದಿನ ವಿಷಯ ಶುರುವಾಯಿತು. ತಿಮ್ಮಪ್ಪಣ್ಣನಿಗೆ ಒಂದು ಗಂಟಿಗಾಗಿ ಸಿಗದ ಎರಡು ನಿಮಿಷ ಅದು. ನಾನು ಟೀಚರು, ಕುರ್ಚಿಯಲ್ಲಿ ಕೂರುವವಳು. ಅಂದು ನನಗೆ ಆದ ನಾಚಿಕೆ ತಪ್ಪು ಮಾಡಿದಾಗಲೂ ಆಗಿರಲಿಲ್ಲ.

ಚೀಲದಿಂದ ರಾಜೀನಾಮೆ ಪತ್ರ ತೆಗೆದು ಭಟ್ಟರ ಮುಂದಿಟ್ಟೆ. ಅವರು ಓದಿ, ಮಡಚಿ, ವಾಪಸ್ ಕೊಟ್ಟರು. “ಇದನ್ನ ತಗೊಂಡು ಫೈಲಿಗೆ ಹಾಕ್ಲಿಕ್ಕೂ ಒಬ್ಬ ಕಾರ್ಯದರ್ಶಿ ಬೇಕಲ್ಲ ಟೀಚರೇ. ಯಾರಿದ್ದಾರೆ?” ಸುತ್ತ ನೋಡಿದೆ. ಎಲ್ಲರೂ ಅವಲಕ್ಕಿ ತಟ್ಟೆ ನೋಡುತ್ತಿದ್ದರು.

“ಹಾಗಾದ್ರೆ ತಿಮ್ಮಪ್ಪಣ್ಣನ ಹತ್ರ ಎಲ್ಲರೂ ಒಟ್ಟಿಗೆ ಹೋಗುವ” ಅಂದೆ. ಮಂಜಣ್ಣ ತಲೆ ತಗ್ಗಿಸಿದ. “ನೀವೇ ಒಂದು ಮಾತು ಹೇಳಿಬಿಡಿ. ನಿಮಗೆ ಚೆನ್ನಾಗಿ ಮಾತಾಡ್ಲಿಕ್ಕೆ ಬರ್ತದೆ.”

ಮರುದಿನ ಒಬ್ಬಳೇ ಹೋದೆ. ತಿಮ್ಮಪ್ಪಣ್ಣ ಅಂಗಳದಲ್ಲಿ ಮೆಣಸಿನ ಏಣಿಗೆ ಹೊಸ ಮೆಟ್ಟಿಲು ಕಟ್ಟುತ್ತಿದ್ದರು. ನಾನು ಹೇಳುವುದನ್ನು ಪೂರ್ತಿ ಕೇಳಿ, ಹಗ್ಗ ಬಿಗಿದು, ಗಂಟು ಹಾಕಿ, ಆಮೇಲೆ ಅಂದರು, “ಗೊತ್ತಿತ್ತು ಟೀಚ್ರೇ. ಸುಜಾತನ ಫೋನಿಗೂ ಯಾರೋ ಕಳಿಸಿದ್ರು. ಮರ ಕಡಿದ ಮಾರನೇ ದಿನ ಅವ್ಳು ತೋರ್ಸಿದ್ಲು.”

“ಮತ್ತೆ ಸಭೆಯಲ್ಲಿ ಯಾಕೆ ಹೇಳ್ಲಿಲ್ಲ?”

“ನೀವು ಹೇಳ್ತೀರಿ ಅಂತ ಕಾದೆ.”

ಅವರು ಒಳಗೆ ಹೋಗಿ ಒಂದು ಸಿಮೆಂಟ್ ಚೀಲ ತಂದು ನನ್ನ ಮುಂದೆ ಇಟ್ಟರು. ತಗಡಿನ ಸದ್ದಾಯಿತು. ಬಗ್ಗಿ ನೋಡಿದರೆ ನನ್ನ ಬಿಲ್ಲೆಗಳು. “ನಲವತ್ತು ಉಂಟು. ಇನ್ನೊಂದನ್ನ ಅಲ್ಲೇ ಬಿಟ್ಟೆ. ಅದನ್ನಿನ್ನು ಯಾರಿಂದ ಮುಚ್ಚಿಡೋದು?” ಬಳಗದಿಂದ ಎದ್ದು ಹೋದ ಮೇಲೆ, ಆ ಏಪ್ರಿಲ್ ಬಿಸಿಲಿನಲ್ಲಿ, ಬಸ್ಸು ಹತ್ತಿ ಇಳಿದು, ಮೂರು ತಾಲ್ಲೂಕಿನ ಹಳ್ಳವನ್ನು ಒಬ್ಬರೇ ನಡೆದು, ನಾನು ಹೊಡೆದ ಒಂದೊಂದು ಮೊಳೆಯನ್ನೂ ಕಿತ್ತು ತಂದಿದ್ದರು. ಗಂಟಿನಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಅವತ್ತೇ ಗ್ರೂಪಿನಿಂದ ಎಲ್ಲವನ್ನೂ ಅಳಿಸಿದೆ, ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಪುಸ್ತಕದ ಹಾಳೆ ಹರಿದು ಒಲೆಗೆ ಹಾಕಿದೆ. ಮಳೆ ಹಿಡಿಯುವ ಮೊದಲು ಬಳಗದಲ್ಲಿ ಹೊಸ ಕ್ರಮ ತಂದೆವು. ಮರದ ಪಟ್ಟಿ ಇಲ್ಲ. ಒಂದು ಮರವನ್ನು ಬಲ್ಲವರು ಒಬ್ಬರು. ಅವರು ತಮ್ಮ ಕಾಲು ಸೋಲುವ ಮೊದಲು ನಂಬಿಕೆಯ ಇನ್ನೊಬ್ಬರಿಗೆ, ಒಬ್ಬರಿಗೆ ಮಾತ್ರ, ಕರೆದುಕೊಂಡು ಹೋಗಿ ತೋರಿಸಬೇಕು. ಇದನ್ನು ಫೋನಿನಲ್ಲಿ ತಿಮ್ಮಪ್ಪಣ್ಣನಿಗೂ ಹೇಳಿದೆ. “ಒಳ್ಳೇದಾಯ್ತು” ಅಂದರು. ಸಭೆಗೆ ಮಾತ್ರ ಮತ್ತೆ ಬರಲಿಲ್ಲ. ಎಂಟು ವರ್ಷ ಪ್ರತಿ ತಿಂಗಳು ಶುಕ್ರವಾರ ಅವರಿಗೂ ಒಂದು ಫೋನು ಮಾಡಿದ್ದೇನೆ. ಎಂಟು ವರ್ಷವೂ ಒಂದೇ ಮಾತು, “ನೋಡುವ ಟೀಚ್ರೇ.”

ಭಟ್ಟರಿಗೆ ಈಗ ಕಿವಿ ಕೇಳುವುದಿಲ್ಲ, ಆದರೂ ಅಧ್ಯಕ್ಷರು ಅವರೇ. ಹಳ್ಳಕ್ಕೆ ಇಳಿಯುವವರು ಆರು ಜನ. ನಾನು ಹೋದ ವರ್ಷ ಶಾಲೆಯಿಂದ ನಿವೃತ್ತಳಾದೆ, ಬಳಗದಿಂದ ಆಗಲಿಲ್ಲ. ರಾಜೀನಾಮೆ ಪತ್ರವನ್ನು ಮೂರು ಸಲ ಹೊಸದಾಗಿ ಬರೆದಿದ್ದೇನೆ. ಮೂರನೆಯದು ಇನ್ನೂ ಚೀಲದಲ್ಲೇ ಇದೆ.

ಸುಜಾತ ಬಂದು ಹೋದ ನಾಲ್ಕನೇ ದಿನ ಬಸ್ಸು ಹತ್ತಿದೆ. ತಿಮ್ಮಪ್ಪಣ್ಣನ ಬೆನ್ನು ಬಾಗಿದೆ, ಕೈಯಲ್ಲಿ ಕೋಲು. “ಬನ್ನಿ, ಚೂರು ನಡೀಬೇಕು” ಅಂದರು. ಚೂರು ಅಂದದ್ದು ಒಂದು ತಾಸಿನ ದಾರಿ. ನಾನು ಎರಡು ಕಡೆ ಕೂತೆ, ಅವರು ಮೂರು ಕಡೆ. ಕೊನೆಗೆ ನಿಂತಲ್ಲಿ ಒಂದು ಮಾವಿನ ಮರ ಇತ್ತು. ಅಂಥ ದೊಡ್ಡದೇನಲ್ಲ, ಒಂದು ಏಣಿಯ ಎತ್ತರ. ಗೊಂಚಲು ಗೊಂಚಲು ಮಿಡಿ. ಬುಡದಿಂದ ಮೊಣಕಾಲೆತ್ತರದಲ್ಲಿ ಕಾಂಡ ಗಂಟು ಕಟ್ಟಿದ ಹಾಗೆ ದಪ್ಪಗಾಗಿತ್ತು. ಮುಟ್ಟಿ ನೋಡಿದೆ. ಕಸಿ ಕಟ್ಟಿದ ಗುರುತು. ಆಗ ಆ ಟವೆಲಿನ ಗಂಟಿನಲ್ಲಿ ಏನಿತ್ತು ಎನ್ನುವುದು ತಿಳಿಯಿತು. ನಾನು ಫೋಟೋ ತೆಗೆಯುತ್ತಿದ್ದಾಗ, ಆ ಮುದುಕ ಬಿದ್ದ ಕೊಂಬೆಗಳಲ್ಲಿ ಇನ್ನೂ ಜೀವವಿದ್ದ ಕಡ್ಡಿಗಳನ್ನು ಆರಿಸುತ್ತಿದ್ದರು.

“ಹನ್ನೊಂದು ಕಡ್ಡಿ, ಇಲ್ಲಿದ್ದ ಕಾಡುಮಾವಿನ ಸಸಿಗಳಿಗೆ ಕಟ್ಟಿದ್ದೆ. ಹತ್ತು ಹೋಯ್ತು” ಅಂದರು. “ಹೋದ್ವರ್ಷ ನಾಲ್ಕು ಮಿಡಿ ಬಿಟ್ಟಿತ್ತು, ಮಂಗ ತಿಂತು. ಈ ವರ್ಷ ನೋಡಿ.”

“ಅವತ್ತೇ ಹೇಳಿದ್ರೆ ನಿಮ್ಮನ್ನ ಯಾರೂ ಒಂದು ಮಾತು ಅಂತಿರ್ಲಿಲ್ಲ, ತಿಮ್ಮಪ್ಪಣ್ಣ.”

“ಹೇಳಿದ್ರೆ ಸಂಜೆಗೆ ಇದೂ ಫೋನಲ್ಲಿ ಬರ್ತಿತ್ತು.”

ನನಗೆ ಅಳು ಬಂತು. ಅತ್ತೆ. ಅವರು ಮರದ ಕಡೆ ನೋಡುತ್ತಾ ನಿಂತರು, ನಾನು ಮುಗಿಸುವವರೆಗೆ.

“ಮತ್ತೆ ನನಗೇ ಯಾಕೆ ತೋರಿಸಿದ್ರಿ? ಹಾಳು ಮಾಡಿದವಳೇ ನಾನು.”

“ನನ್ನ ಕಾಲು ಮುಗೀತು ಟೀಚ್ರೇ. ಒಬ್ರಿಗೆ ತೋರಿಸ್ಬೇಕಲ್ಲ, ನಮ್ಮ ಬಳಗದ ಕ್ರಮ ಹಾಗೇ ಅಲ್ವಾ?” ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. “ಬಾಯಿ ಸುಟ್ಕೊಂಡವ್ರಿಗೆ ಊದಿ ಕುಡೀರಿ ಅಂತ ಹೇಳ್ಬೇಕಾಗಿಲ್ಲ.”

ಎಂಟು ವರ್ಷ ಸಭೆಯ ಮೆಟ್ಟಿಲು ಹತ್ತದವರು ‘ನಮ್ಮ ಬಳಗ’ ಅಂದರು. ಕೊಯ್ಯುವುದಾದರೆ ಮೇಲಿನ ಎರಡು ಗೆಲ್ಲು ಬಿಡಬೇಕು ಎಂದು ನೆನಪಿಸಿ, ನನ್ನ ಕೈಯಿಂದಲೇ ಒಂದು ಹಿಡಿ ಮಿಡಿ ಕೊಯ್ಯಿಸಿದರು.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಂಡಿ ಸಿಡಿಯುತ್ತಿತ್ತು. ಇನ್ನು ಈ ಮರವನ್ನು ನಾನು ಹೊರಬೇಕು, ನನ್ನ ಕಾಲು ಮುಗಿಯುವ ಮೊದಲು ಒಬ್ಬರನ್ನು ಹುಡುಕಿ ತೋರಿಸಬೇಕು. ಫೋನು ತೆಗೆದು ಗ್ರೂಪಿನ ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದೆ. ಯಾರೆಂದು ಹೊಳೆಯಲಿಲ್ಲ. ಭಾನುವಾರದ ಸಭೆಯ ಸೂಚನೆ ಹಾಕುವುದು ಬಾಕಿ ಇತ್ತು. ಹಾಕಿದೆ. ಸೀತೂರು, ಹತ್ತೂವರೆ ಗಂಟೆ, ಅವಲಕ್ಕಿ, ಮಜ್ಜಿಗೆ. ಕೂಡಲೇ ಒಂದಷ್ಟು ಕೈ ಮುಗಿದ ಚಿತ್ರಗಳು ಬಂದವು. ಅವುಗಳ ನಡುವೆ ಯಾರೋ ಕೇಳಿದ್ದರು: ‘ಮೇಡಂ, ಈ ಸಲ ಒಳ್ಳೆ ಜೀರಿಗೆ ಮಿಡಿ ಎಲ್ಲಾದ್ರೂ ಇದೆಯಾ?’

ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದು ಎಂದು ಕಲಿಸಿದವಳು ನಾನು. ‘ಇಲ್ಲ, ಎಲ್ಲೂ ಕಾಣಲಿಲ್ಲ’ ಎಂದು ಬರೆದು ಕಳಿಸಿದೆ. ಸೊನೆ ತಾಗಿದ ಬೆರಳು ಇನ್ನೂ ಉರಿಯುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೂಗರಳಿಸಿ, “ಎಲ್ಲಿಂದ ಇಷ್ಟು ಚಂದ ವಾಸನೆ?” ಅಂತ ಬಸ್ಸೆಲ್ಲ ಹುಡುಕಿದಳು. ನಾನು ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡೆ.